ಆಮೆಗೆ ಕಾನೂನಿದೆ, ದಡಕ್ಕಿಲ್ಲ

ಕಡಲಾಮೆಯ ಮೊಟ್ಟೆ ಕದ್ದರೆ ಎಷ್ಟು ಶಿಕ್ಷೆ ಗೊತ್ತಾ? ಮೂರರಿಂದ ಏಳು ವರ್ಷ ಜೈಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ, ಆನೆ ಇರುವ ಒಂದನೇ ಶೆಡ್ಯೂಲಿನಲ್ಲೇ ಕಡಲಾಮೆಯೂ ಇದೆ. ಗೂಡು ಕೆದಕಿದರೂ ಅದು ಬೇಟೆಗೆ ಸಮ. ಒಳ್ಳೆಯದೇ. ಹಾಗಾದ್ರೆ ಆಮೆ ಮೊಟ್ಟೆಯಿಡುವ ಇಡೀ ದಡವನ್ನೇ ಕಾನೂನಿನ ಹೊರಗಿಟ್ಟರೆ? ಅದಕ್ಕೆ ಒಂದು ಮೀಟಿಂಗ್ ಸಾಕು.

ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಆಗಿದ್ದು ಇದೇ. ದೇಶದ ದಕ್ಷಿಣದ ತುತ್ತತುದಿ ಇಂದಿರಾ ಪಾಯಿಂಟ್ ಇರುವ ದ್ವೀಪ ಅದು. ಅಲ್ಲಿನ ಗಲಾಥಿಯಾ ಕೊಲ್ಲಿಯನ್ನು 1997ರಲ್ಲಿ ಅಭಯಾರಣ್ಯ ಅಂತ ಘೋಷಿಸಿದ್ದೇ ಲೆದರ್‌ಬ್ಯಾಕ್ ಆಮೆಗಾಗಿ. ಬೆನ್ನ ಮೇಲೆ ಗಟ್ಟಿ ಚಿಪ್ಪಿಲ್ಲ, ದಪ್ಪ ಚರ್ಮ. ಕ್ವಿಂಟಾಲ್‌ಗಟ್ಟಲೆ ತೂಕ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದೇ ದ್ವೀಪಸಮೂಹದ ಲಿಟಲ್ ಅಂಡಮಾನ್‌ನಲ್ಲಿ ಈ ಆಮೆಗಳಿಗೆ ಸ್ಯಾಟಲೈಟ್ ಟ್ಯಾಗ್ ಕಟ್ಟಿ ನೋಡಿದರು. ಕೆಲವು ಆಸ್ಟ್ರೇಲಿಯಾ ಕಡೆ ಹೋದವು, ಕೆಲವು ಆಫ್ರಿಕಾ ಕಡೆ. ಸಾವಿರಾರು ಕಿಲೋಮೀಟರ್ ಈಜುವ ಜೀವ, ಮೊಟ್ಟೆಯಿಡೋಕೆ ಮಾತ್ರ ತಾನು ಹುಟ್ಟಿದ ಸೀಮೆಗೇ ವಾಪಸ್ ಬರುತ್ತೆ. 2004ರ ಸುನಾಮಿ ಗಲಾಥಿಯಾದ ಮರಳನ್ನೇ ಕೊಚ್ಚಿಕೊಂಡು ಹೋಗಿತ್ತು. ಮರಳು ಮತ್ತೆ ಕೂಡಿತು, ಆಮೆಗಳೂ ಬಂದವು.

ಈಗ ಕಾನೂನಿನ ಮಾತಿಗೆ ಬರೋಣ. ಅಭಯಾರಣ್ಯದ ಗಡಿಯನ್ನು ಸ್ಥಳೀಯ ಆಡಳಿತ ತನಗೆ ಬೇಕಾದಂತೆ ಬದಲಿಸುವ ಹಾಗಿಲ್ಲ. ಕಾಯ್ದೆಯ 26ಎ ಕಲಂ ಪ್ರಕಾರ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ಇದು ಬೀಗ. ಕೀಲಿ ಮಂಡಳಿಯ ಕೈಯಲ್ಲಿ. 2021ರ ಜನವರಿಯಲ್ಲಿ ಮಂಡಳಿಯ ಸ್ಥಾಯಿ ಸಮಿತಿಯೇ ಬೀಗ ತೆಗೆಯಿತು, ಬಂದರು ಕಟ್ಟಲು. ತಮಾಷೆ ನೋಡಿ, ಅದೇ ತಿಂಗಳು ಕೇಂದ್ರ ಪರಿಸರ ಸಚಿವಾಲಯ ಕಡಲಾಮೆಗಳ ರಾಷ್ಟ್ರೀಯ ಕ್ರಿಯಾಯೋಜನೆ ಬಿಡುಗಡೆ ಮಾಡಿತು. ಆಮೆಗಳ ಮುಖ್ಯ ನೆಲೆಗಳ ಪೈಕಿ ಗಲಾಥಿಯಾ ಅದರಲ್ಲೂ ಇದೆ!

ಬಂದರು ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಮಲಕ್ಕಾ ಜಲಸಂಧಿಯ ಬಾಯಲ್ಲೇ ಇದೆ ಆ ದ್ವೀಪ. ನಮ್ಮ ಕಂಟೇನರ್‌ಗಳು ಕೊಲಂಬೊ, ಸಿಂಗಾಪುರದಲ್ಲಿ ಹಡಗು ಬದಲಿಸೋದು ತಪ್ಪಲಿ ಅನ್ನೋ ವಾದಕ್ಕೂ ತೂಕವಿದೆ. ಆದರೆ ಎಂಜಿನಿಯರಿಂಗ್ ಓದಿದವನಾಗಿ ಒಂದು ಗೊತ್ತು, ಜಾಗ ಮೊದಲೇ ಗೊತ್ತುಮಾಡಿ ಆಮೇಲೆ ಪರಿಣಾಮ ಅಳೆದರೆ ಅದು ಅಧ್ಯಯನ ಅಲ್ಲ, ಶಾಸ್ತ್ರ ಮುಗಿಸೋದು. ಅಭಯಾರಣ್ಯ ಹೋಗಿದ್ದು 2021ರಲ್ಲಿ, ಯೋಜನೆಗೆ ಪರಿಸರ ಅನುಮತಿ ಸಿಕ್ಕಿದ್ದು 2022ರ ನವೆಂಬರಿನಲ್ಲಿ. 130 ಚದರ ಕಿ.ಮೀ. ಮಳೆಕಾಡು ಹೋಗುತ್ತೆ. ಬದಲಿ ಗಿಡ ನೆಡೋ ಜಾಗ ಎಲ್ಲಿ? ಹರಿಯಾಣದಲ್ಲಂತೆ!

ಸರ್ಕಾರದ ಉತ್ತರ ಹೀಗಿದೆ: ಪಕ್ಕದ ಲಿಟಲ್ ನಿಕೋಬಾರ್‌ನಲ್ಲಿ ಆಮೆಗೆಂದು ಹೊಸ ಅಭಯಾರಣ್ಯ ಮಾಡಿದ್ದೇವೆ. ಆಗಲಿ, ಸಂತೋಷ. ಆದರೆ ಗಲಾಥಿಯಾಕ್ಕೆ ಬರುವ ಆಮೆಗೆ ಈ ಅಧಿಸೂಚನೆಯನ್ನು ಓದಿ ಹೇಳೋರು ಯಾರು? ಹೊಸ ಅಭಯಾರಣ್ಯಕ್ಕೂ ಇರೋದು ಅದೇ 26ಎ ಬೀಗ, ಅದೇ ಕೀಲಿ. ನಾಳೆ ಅಲ್ಲೂ ಜೆಟ್ಟಿ ಬೇಕು ಅಂದ್ರೆ ಏನು ಮಾಡ್ತೀರಿ? ಇದಕ್ಕೆ ಸಚಿವಾಲಯ ಉತ್ತರ ಕೊಡಬೇಕು.