ಕಿಸೆಗೊಂದು ಪೀಶಕತ್ತಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆ ವಿದ್ಯಾರ್ಥಿಯೊಬ್ಬರು ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳ ಎದುರು ಆಡಿದ ಮಾತುಗಳ ಬರಹರೂಪ)



ಮಾತಾಡಬೇಕು ಅಂತ ಹೆಡ್ಮಾಸ್ಟ್ರು ಫೋನು ಮಾಡಿದಾಗ ವಿಷಯ ಯಾವುದು ಅಂತ ಕೇಳಿದೆ. ನಿಮಗೆ ಗೊತ್ತಿರುವ ಯಾವುದಾದರೂ ಆದೀತು ಅಂದರು. ನಾನು ತೋಟದವ. ಅಡಿಕೆ, ಸ್ವಲ್ಪ ಕಾಳುಮೆಣಸು, ಮಳೆಗಾಲ ಬಂದರೆ ಹಲಸು ಮಾವುಗಳಿಗೆ ಕಸಿ ಕಟ್ಟುವ ಕೆಲಸ. ಜೀವನದಲ್ಲಿ ಗುರಿ ಹೇಗಿರಬೇಕು ಅಂತ ಹೇಳುವ ಯೋಗ್ಯತೆ ನನಗಿಲ್ಲ. ಮೊದಲನೇ ಪೀಶಕತ್ತಿಯನ್ನು ಹೇಗೆ ಆರಿಸಬೇಕು ಅಂತ ಹೇಳಬಲ್ಲೆ ಅಂದೆ. ಆಚೆ ಕಡೆಯಿಂದ ಸ್ವಲ್ಪ ಹೊತ್ತು ಶಬ್ದವೇ ಇಲ್ಲ. ಆಮೇಲೆ, "ಶಾಲೆಗೆ ಯಾರೂ ತರಬಾರದು ಅಂತ ಮೊದಲೇ ಹೇಳಿ ಆಯ್ತಾ" ಅಂದರು. ಹಾಗಾಗಿ ಮೊದಲೇ ಹೇಳುತ್ತೇನೆ: ಶಾಲೆಗೆ ತರಬಾರದು. ನಾನೂ ಇವತ್ತು ಮನೆಯಲ್ಲೇ ಇಟ್ಟು ಬಂದಿದ್ದೇನೆ.

ಪೀಶಕತ್ತಿ ಅಂದರೆ ಏನು ಅಂತ ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಎಲೆಯಡಿಕೆಯ ಹರಿವಾಣದಲ್ಲಿ ಇರುವುದು, ಅಜ್ಜಂದಿರ ಸೊಂಟದಲ್ಲಿ ಇದ್ದದ್ದು. ಕೊಡಗಿನಲ್ಲಿ ಮದುಮಗ ಬೆಳ್ಳಿ ಸರಪಳಿಯೊಂದಿಗೆ ಎದುರಿಗೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಯ ಹೆಸರು ಕೇಳಿದರೆ ನಮ್ಮ ಪೀಶಕತ್ತಿಯ ನೆಂಟನೇ ಅಂತ ಗೊತ್ತಾಗುತ್ತದೆ. ಅಲ್ಲಿ ಅದು ಮರ್ಯಾದೆಯ ವಸ್ತು. ನಮ್ಮಲ್ಲಿ ಕೆಲಸದ ವಸ್ತು, ವರ್ಷಕ್ಕೊಂದು ದಿನ ಆಯುಧ ಪೂಜೆಗೆ ಮಾತ್ರ ಕುಂಕುಮ.

ನನ್ನ ಮೊದಲನೇ ಕತ್ತಿಯ ಕತೆ ಹೇಳುತ್ತೇನೆ. 1982ರಲ್ಲಿ ನಾನು ಈ ಶಾಲೆಗೆ ಎಂಟನೇ ಕ್ಲಾಸಿಗೆ ಸೇರಿದೆ. ಧರ್ಮಸ್ಥಳದ ರತ್ನಗಿರಿಯಲ್ಲಿ ಬಾಹುಬಲಿ ಮೂರ್ತಿಯ ಪ್ರತಿಷ್ಠೆ ಆದ ವರ್ಷ ಅದು. ಆ ವರ್ಷ ಕಾರ್ತಿಕದಲ್ಲಿ ಲಕ್ಷದೀಪಕ್ಕೆ ಹೋದಾಗ, ಅಡಿಕೆ ಹೆಕ್ಕಿ ಕೂಡಿಟ್ಟ ಹಣದಲ್ಲಿ ಸಂತೆಯಿಂದ ಒಂದು ಮಡಚುವ ಕತ್ತಿ ತೆಗೆದುಕೊಂಡೆ. ಕೆಂಪು ಪ್ಲಾಸ್ಟಿಕ್ಕಿನ ಹಿಡಿ, ಮೀನಿನ ಆಕಾರ, ಕನ್ನಡಿಯ ಹಾಗೆ ಹೊಳೆಯುವ ಅಲಗು. ತೆಗೆಯುವಾಗ ಟಕ್ ಅಂತ ಶಬ್ದ ಬರುತ್ತಿತ್ತು. ಆ ಶಬ್ದಕ್ಕೇ ನಾನು ಹಣ ಕೊಟ್ಟದ್ದು ಅಂತ ಈಗ ಅನ್ನಿಸುತ್ತದೆ.

ಎರಡು ವಾರ ಆಗಿರಲಿಲ್ಲ. ಪೇರಳೆ ಗೆಲ್ಲಿಗೆ ತೂತು ಮಾಡಬೇಕಿತ್ತು. ಕತ್ತಿಯ ಮೊನೆಯನ್ನು ಊರಿ ಒತ್ತಿದೆ. ಮೊನೆ ಮರದಲ್ಲಿ ನಿಂತಿತು, ಹಿಡಿ ಮುಂದೆ ಬಂತು, ಕತ್ತಿ ನನ್ನ ಕೈಯೊಳಗೇ ಮಡಚಿಕೊಂಡಿತು. ಬಲಗೈಯ ತೋರುಬೆರಳು ಎರಡನೇ ಗಂಟಿನ ಹತ್ತಿರ ಎಲುಬು ಕಾಣುವಷ್ಟು ಕೊಯ್ದು ಹೋಯಿತು. ಆಗ ನಾನು ಮದ್ದಳೆ ಕಲಿಯುತ್ತಿದ್ದೆ. ಗಾಯ ಒಣಗಿತು, ಹೊಲಿಗೆ ಬಿಚ್ಚಿದರು, ಆದರೆ ಬೆರಳಿನ ತುದಿಗೆ ಸ್ಪರ್ಶ ಪೂರ್ತಿ ಬರಲಿಲ್ಲ. ಮದ್ದಳೆಯ ಮೇಲೆ ಬೆರಳು ಬಿದ್ದದ್ದು ಬೆರಳಿಗೇ ಗೊತ್ತಾಗದಿದ್ದರೆ ಪೆಟ್ಟು ಏಳುವುದಿಲ್ಲ. ಒಂದು ವರ್ಷ ಪ್ರಯತ್ನ ಮಾಡಿ ಬಿಟ್ಟೆ. ಆಟಕ್ಕೆ ಹೋದರೆ ಈಗಲೂ ನನ್ನ ಕಣ್ಣು ಮದ್ದಳೆಯವರ ಬಲಗೈ ಮೇಲೆಯೇ ಇರುತ್ತದೆ.

ಅಜ್ಜ ಬೈಯಲಿಲ್ಲ. ಕತ್ತಿಯನ್ನು ತೆಗೆದುಕೊಂಡು ಜಗಲಿಯಲ್ಲಿ ಕುಳಿತು ಬಿಡಿಸಿ ಮಡಚಿ ನೋಡಿದರು. "ಇದಕ್ಕೆ ಬಾಗಿಲುಂಟು, ಚಿಲಕ ಇಲ್ಲ" ಅಂದರು. ಇವತ್ತು ನಾನು ನಿಮಗೆ ಹೇಳಬೇಕೆಂದಿರುವ ಮುಖ್ಯ ವಿಷಯ ಅದೇ.

ಮಡಚುವ ಕತ್ತಿಯಲ್ಲಿ ಎರಡು ಜಾತಿ. ಒಂದರಲ್ಲಿ ಬೆನ್ನಿನ ಸ್ಪ್ರಿಂಗು ಅಲಗನ್ನು ಬರೇ ಒತ್ತಿ ಹಿಡಿದಿರುತ್ತದೆ. ಸ್ವಲ್ಪ ಬಲ ಹಾಕಿದರೆ ಮುಚ್ಚುತ್ತದೆ. ಹಣ್ಣು ಕೊಯ್ಯಲಿಕ್ಕೆ, ನೂಲು ತುಂಡು ಮಾಡಲಿಕ್ಕೆ ಅದು ಧಾರಾಳ ಸಾಕು. ಆದರೆ ಮೊನೆ ಊರುವ ಕೆಲಸಕ್ಕೆ ಆಗದು. ಇನ್ನೊಂದರಲ್ಲಿ ಚಿಲಕ ಉಂಟು. ಹಿಡಿಯ ಒಳಗಿನ ತಗಡು ಬದಿಗೆ ಸರಿದು ಅಲಗಿನ ಬುಡಕ್ಕೆ ಆಧಾರವಾಗಿ ನಿಲ್ಲುವುದು ಒಂದು ಬಗೆ. ಬೆನ್ನ ಮೇಲೆ ಕೊಕ್ಕೆ ಬೀಳುವುದು ಇನ್ನೊಂದು. ಫ್ರಾನ್ಸಿನ ಸವಾಯ್ ಎಂಬ ಬೆಟ್ಟದ ಸೀಮೆಯಲ್ಲಿ 1890ರಿಂದ ಮಾಡುತ್ತಾ ಬಂದ ಒಪಿನೆಲ್ ಅಂತ ಒಂದು ರೈತರ ಕತ್ತಿ ಉಂಟು. ಮರದ ಹಿಡಿ, ಒಂದೇ ಅಲಗು, ಬೇರೆ ಏನೂ ಇಲ್ಲ. ಅದಕ್ಕೂ ಮೊದಲಿಗೆ ಚಿಲಕ ಇರಲಿಲ್ಲ. 1955ರಲ್ಲಿ ಕುತ್ತಿಗೆಗೆ ತಿರುಗಿಸುವ ಬಳೆ ಹಾಕಿದರು. ಅರವತ್ತೈದು ವರ್ಷ ಎಷ್ಟು ಬೆರಳು ಕೊಯ್ದಿರಬಹುದು ಅಂತ ನಾನು ಒಮ್ಮೊಮ್ಮೆ ಯೋಚಿಸುವುದುಂಟು.

ಅಂಗಡಿಯಲ್ಲಿ ಹೀಗೆ ನೋಡಿ. ಕತ್ತಿ ಬಿಡಿಸಿ, ಅಲಗನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಅಲ್ಲಾಡಿದರೆ ಅಲ್ಲೇ ಇಟ್ಟು ಬನ್ನಿ. ಆಮೇಲೆ ಬೆರಳುಗಳನ್ನು ಅಲಗು ಬಂದು ಬೀಳುವ ಸೀಳಿನಿಂದ ದೂರ ಇಟ್ಟು, ಹಿಡಿಯನ್ನು ಎರಡು ಬದಿಯಿಂದ ಹಿಡಿದು, ಅಲಗಿನ ಬೆನ್ನನ್ನು ಮೇಜಿಗೆ ಮೆಲ್ಲಗೆ ಒತ್ತಿ. ಚಿಲಕ ಜಾರಿದರೆ ಅದು ಚಿಲಕ ಅಲ್ಲ, ಶೃಂಗಾರ. ಅಂಗಡಿಯವರು ಮುಖ ಸಿಂಡರಿಸಬಹುದು, ಅಡ್ಡಿಯಿಲ್ಲ. ಇನ್ನು, ಮುಚ್ಚುವಾಗ ನಿಮ್ಮ ಹೆಬ್ಬೆರಳು ಎಲ್ಲಿರುತ್ತದೆ ಅಂತ ನೋಡಿಕೊಳ್ಳಿ. ಹೆಚ್ಚಿನ ಗಾಯ ಆಗುವುದು ಕೆಲಸ ಮುಗಿದ ಮೇಲೆ, ಮುಚ್ಚುವಾಗ.

ಉದ್ದ? ಅಲಗು ನಿಮ್ಮ ಅಂಗೈಯ ಅಗಲಕ್ಕಿಂತ ದೊಡ್ಡದು ಬೇಡ. ಮೂರು ಇಂಚು ಆದರೆ ಹೆಚ್ಚೇ ಆಯಿತು. ಹಿಡಿ ಮಾತ್ರ ಸಣ್ಣದಾಗಬಾರದು, ನಾಲ್ಕೂ ಬೆರಳು ಕುಳಿತುಕೊಳ್ಳಬೇಕು. ಆಟಿ ತಿಂಗಳಲ್ಲಿ ಕೈ ಒದ್ದೆ ಇರುತ್ತದೆ ಅಂತ ನೆನಪಿಟ್ಟುಕೊಂಡು ಹಿಡಿದು ನೋಡಿ. ನುಣುಪಾದ ಹಿಡಿ ಅಂಗಡಿಯಲ್ಲಿ ಚಂದ, ಮಳೆಯಲ್ಲಿ ಜಾರುತ್ತದೆ.

ಹತ್ತಾರು ಉಪಕರಣ ಇರುವ ಕತ್ತಿಯ ಬಗ್ಗೆ ಮೊನ್ನೆ ಒಬ್ಬ ಹುಡುಗ ಕೇಳಿದ. ಸ್ವಿಜರ್ಲೆಂಡಿನಲ್ಲಿ ಕಾರ್ಲ್ ಎಲ್ಸೆನರ್ ಎಂಬವರು 1884ರಲ್ಲಿ ಕತ್ತಿಯ ಕಾರ್ಖಾನೆ ಹಾಕಿದರು, 1891ರಲ್ಲಿ ಅಲ್ಲಿನ ಸೈನಿಕರಿಗೆ ಕತ್ತಿ ಒದಗಿಸಲಿಕ್ಕೆ ಶುರು ಮಾಡಿದರು. ಆ ಕತ್ತಿಯಲ್ಲಿ ಇದ್ದದ್ದು ನಾಲ್ಕೇ: ಅಲಗು, ಡಬ್ಬ ತೆರೆಯುವುದು, ಬಂದೂಕಿನ ಸ್ಕ್ರೂ ಬಿಚ್ಚುವ ಚಪ್ಪಟೆ ತುದಿ, ತೂತು ಹಾಕುವ ದಬ್ಬಣ. ಆ ಸೈನಿಕನಿಗೆ ದಿನಾ ಬೇಕಾದದ್ದು ಅಷ್ಟೇ. ನಿಮಗೆ ದಿನಾ ಏನು ಬೇಕು ಅಂತ ಒಂದು ವಾರ ನೋಡಿ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಬಾಳೆಯ ಬಳ್ಳಿ ಸೀಳುವುದು, ಮೆಣಸಿನ ಬಳ್ಳಿ ಕಟ್ಟಿದ ಹಗ್ಗ ತುಂಡು ಮಾಡುವುದು, ಮಾವಿನಕಾಯಿ, ಪೆನ್ಸಿಲು. ಒಂದು ಅಲಗು ಸಾಕಲ್ಲ ಮಾರಾಯ! ದುಬಾಯಿಯಿಂದ ಭಾವ ತಂದುಕೊಟ್ಟ ಸ್ವಿಸ್ ಕತ್ತಿ ನನ್ನಲ್ಲಿಯೂ ಇತ್ತು. ಎಂಟು ವರ್ಷದಲ್ಲಿ ಅದರ ಗರಗಸವನ್ನು ನಾನು ಬಳಸಿದ್ದು ಎರಡು ಸಲ. ಆ ಕತ್ತಿ ಹೋದದ್ದು ಬಜ್ಪೆ ವಿಮಾನ ನಿಲ್ದಾಣದಲ್ಲಿ. ಮುಂಬಯಿಗೆ ಹೊರಟಿದ್ದೆ, ಕಿಸೆಯಲ್ಲೇ ಇತ್ತು, ತಪಾಸಣೆಯಲ್ಲಿ ತೆಗೆದು ಡಬ್ಬಕ್ಕೆ ಹಾಕಿದರು. ತಪ್ಪು ಪೂರ್ತಿ ನನ್ನದು. ದೊಡ್ಡ ಚೀಲದಲ್ಲಿ ಹಾಕಿ ಲಗೇಜಿಗೆ ಕೊಟ್ಟಿದ್ದರೆ ಉಳಿಯುತ್ತಿತ್ತು.

ಈಗ ಉಕ್ಕು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಊರಿಗೆ ಇದು ದೊಡ್ಡ ವಿಷಯ. ಸಾದಾ ಉಕ್ಕು ಬೇಗ ಮಸೆಯುತ್ತದೆ, ಒಳ್ಳೆಯ ಹರಿತ ಬರುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕ್ರೋಮಿಯಂ ಬೆರೆಸಿ ಮಾಡಿದ ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕು ಕಡಿಮೆ. ಅದರಲ್ಲಿ ಕಡಿಮೆ ಬೆಲೆಯದ್ದು ಬೇಗ ಮೊಂಡಾಗುತ್ತದೆ, ಒಳ್ಳೆಯದನ್ನು ಮಸೆಯಲಿಕ್ಕೆ ತಾಳ್ಮೆ ಬೇಕು. ನಮ್ಮ ಜೂನ್‌ನಿಂದ ಸೆಪ್ಟೆಂಬರ್ ತನಕದ ಗಾಳಿಯಲ್ಲಿ, ಬೆವರಿದ ಕಿಸೆಯಲ್ಲಿ, ಸಾದಾ ಉಕ್ಕು ಎರಡು ದಿನದಲ್ಲಿ ಕೆಂಪಾಗುತ್ತದೆ. ಅಡಿಕೆ ಕೊಯ್ದರೆ ಕಪ್ಪಾಗುತ್ತದೆ. ಆ ಕಪ್ಪು ಕೊಳೆ ಅಲ್ಲ. ಅಡಿಕೆಯಲ್ಲಿ ಟ್ಯಾನಿನ್ ಉಂಟು, ಅದೇ ಚೊಗರು. ಅದು ಕಬ್ಬಿಣಕ್ಕೆ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಶಾಯಿ ಮಾಡುತ್ತಿದ್ದದ್ದೂ ಇದೇ ರಸಾಯನದಿಂದ, ನಿಮ್ಮ ವಿಜ್ಞಾನದ ಟೀಚರನ್ನು ಕೇಳಿ. ಕಪ್ಪಾದ ಕತ್ತಿಯನ್ನು ಮರಳು ಹಾಕಿ ತಿಕ್ಕಬೇಡಿ. ಒರಸಿ, ಒಣಗಿಸಿ, ಒಂದು ಹನಿ ತೆಂಗಿನೆಣ್ಣೆ ಸವರಿದರೆ ಆಯಿತು. ಹಲಸಿನ ಮೇಣಕ್ಕೂ ಕೊಯ್ಯುವ ಮೊದಲೇ ಎಣ್ಣೆ, ಅದು ನಿಮ್ಮ ಅಮ್ಮನಿಗೆ ಗೊತ್ತುಂಟು.

ಮನೆಯಲ್ಲಿ ಇಡುವುದಕ್ಕೆ ಸಾದಾ ಉಕ್ಕು, ಕಿಸೆಗೆ ಸ್ಟೇನ್‌ಲೆಸ್. ಇದು ನನ್ನ ತೀರ್ಮಾನ, ಬೇರೆಯವರು ಒಪ್ಪಲಿಕ್ಕಿಲ್ಲ. ಮಡಚುವುದೇ ಬೇಡ ಅನ್ನುವವರು ಆಚಾರಿಯವರ ಕುಲುಮೆಗೆ ಹೋಗಿ. ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ, ಬಡಿದು, ಹದ ಹಾಕಿ ಮಾಡಿಕೊಟ್ಟ ಪೀಶಕತ್ತಿಗೆ ಚಿಲಕದ ಚಿಂತೆಯೇ ಇಲ್ಲ. ಒರೆ ಮಾತ್ರ ಬೇಕು. ನನ್ನ ಅಜ್ಜ ಅಡಿಕೆ ಹಾಳೆಯನ್ನು ನೆನೆಸಿ ಮಡಚಿ ಹೊಲಿದು ಒರೆ ಮಾಡುತ್ತಿದ್ದರು. ಹರಿದರೆ ಇನ್ನೊಂದು ಹಾಳೆ.

ಆ ಕೆಂಪು ಹಿಡಿಯ ಕತ್ತಿಯನ್ನು ಅಜ್ಜ ನನಗೆ ವಾಪಸು ಕೊಡಲಿಲ್ಲ. ಬದಲಿಗೆ ಒಂದು ಹಲಗೆ ಕೊಟ್ಟರು. ಬೆಣಚುಕಲ್ಲನ್ನು ಗುದ್ದಿ, ಬಟ್ಟೆಯಲ್ಲಿ ಜಾಳಿಸಿ, ಆ ಬಿಳಿ ಹುಡಿಯನ್ನು ಹಲಗೆಯ ಮೇಲೆ ಉದುರಿಸಿ ಕತ್ತಿ ಮಸೆಯುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಇನ್ನು ಮನೆಯ ಕತ್ತಿಗಳನ್ನೆಲ್ಲ ನೀನೇ ಮಸೆ ಅಂದರು. ಎರಡೂವರೆ ವರ್ಷ ಮಸೆದೆ. ಅಲಗನ್ನು ಯಾವ ಓರೆಯಲ್ಲಿ ಹಿಡಿದರೆ ಹರಿತ ಬರುತ್ತದೆ, ಯಾವುದರಲ್ಲಿ ಹಾಳಾಗುತ್ತದೆ ಅಂತ ಕೈಗೆ ತಾನಾಗಿ ಗೊತ್ತಾಯಿತು. ಹೆಬ್ಬೆರಳು ಉಜ್ಜಿ ಹರಿತ ನೋಡುವ ಚಾಳಿ ಬಿಡಿಸಿದರು. ಬಾಳೆಎಲೆಯ ತುಂಡನ್ನು ನೇತುಹಿಡಿದು ಕೊಯ್ದು ನೋಡುವುದು ಅವರ ಕ್ರಮ. ಮೊಂಡು ಕತ್ತಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದ ಕತ್ತಿ ಜಾರಿದರೆ ಎಲ್ಲಿ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. 1985ರ ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ತಮ್ಮ ಸೊಂಟದಲ್ಲಿದ್ದ ಪೀಶಕತ್ತಿಯನ್ನು ತೆಗೆದು ಹರಿವಾಣದಲ್ಲಿಟ್ಟು, "ಹಿಡಿ ನಿನ್ನ ಕಡೆಗೆ ಉಂಟು ನೋಡು" ಅಂದರು. ಯಾರಿಗೆ ಕತ್ತಿ ಕೊಡುವಾಗಲೂ ಹಿಡಿ ಅವರ ಕಡೆಗಿರಬೇಕು ಅಂತ ಅವತ್ತು ಕಲಿತೆ.

ಈಗ ಮನೆಯವರಿಗೆ ಒಂದು ಮಾತು. ನಮ್ಮ ಹೆಣ್ಣುಮಕ್ಕಳು ಹತ್ತು ವರ್ಷಕ್ಕೆಲ್ಲ ಮೆಟ್ಟುಕತ್ತಿಯ ಮೇಲೆ ಕುಳಿತು ತೊಂಡೆಕಾಯಿ ಹೆಚ್ಚುತ್ತಾರೆ. ಅದರ ತೆರೆದ ಅಲಗು ಎಷ್ಟು ದೊಡ್ಡದು ಅಂತ ಯಾರೂ ಅಳೆದು ನೋಡುವುದಿಲ್ಲ. ಆದರೆ ಹುಡುಗಿಗೆ ಕಿಸೆಕತ್ತಿ ತೆಗೆದುಕೊಡುತ್ತೇನೆ ಅಂದಾಗ ನಮ್ಮ ಮನೆಯಲ್ಲೇ ಗಲಾಟೆಯಾಯಿತು. ಕೊಟ್ಟೆ. ಈಗ ಹಲಸಿನ ಕಸಿ ಕಟ್ಟುವುದರಲ್ಲಿ ನನ್ನ ಮಗಳ ಕೈ ನನ್ನದಕ್ಕಿಂತ ಚುರುಕು. ಸ್ಪರ್ಶ ಇರುವ ಬೆರಳಲ್ಲವೇ.

ಕಾನೂನಿನ ಬಗ್ಗೆ ಕೇಳುತ್ತೀರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿ ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು ಇರುವ ಕತ್ತಿಗಳು ಆಯುಧಗಳ ಪಟ್ಟಿಯಲ್ಲಿವೆ. ಮನೆಗೆಲಸ, ಕೃಷಿಗೆಂದು ಮಾಡಿದವು ಆ ಪಟ್ಟಿಗೆ ಸೇರುವುದಿಲ್ಲ. ಮೂರು ಇಂಚಿನದ್ದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಜಾತ್ರೆಯ ಜನಸಂದಣಿಗೆ, ಆಟದ ಮೈದಾನಕ್ಕೆ, ಕೋರ್ಟು ಕಚೇರಿಗೆ ಕತ್ತಿ ಬೇಡ. ಸಿನೆಮಾದ ರಾಮಪುರಿಯ ಹಾಗೆ ಗುಂಡಿ ಒತ್ತಿದರೆ ಹಾರಿ ತೆರೆಯುವುದಂತೂ ಬೇಡವೇ ಬೇಡ, ಅದರಿಂದ ಮಾವಿನಕಾಯಿ ಕೊಯ್ದವರನ್ನು ನಾನು ನೋಡಿಲ್ಲ. ಮಾತಿಗೆ ಮಾತು ಬೆಳೆದಾಗ ತಮಾಷೆಗೂ ಕತ್ತಿ ಹೊರಗೆ ತೆಗೆಯಬಾರದು. ಒಮ್ಮೆ ತೆಗೆದರೆ ಆ ಮೇಲೆ ನೀವು ಏನು ಹೇಳಿದರೂ ಯಾರೂ ಕೇಳುವುದಿಲ್ಲ.

ಅಜ್ಜನ ಕತ್ತಿ ಈಗಲೂ ಉಂಟು. ಮಸೆದು ಮಸೆದು ಮಾವಿನ ಚಿಗುರೆಲೆಯಷ್ಟೇ ಅಗಲ ಉಳಿದಿದೆ. ಹಲಗೆಯೂ ಉಂಟು, ನಡುವೆ ದೋಣಿಯ ಹಾಗೆ ಸವೆದಿದೆ. ಭಾನುವಾರ ಬೆಳಿಗ್ಗೆ ನಾನು ಜಗಲಿಯಲ್ಲೇ ಇರುತ್ತೇನೆ. ಕಲಿಯಬೇಕು ಅನ್ನುವವರು ಮನೆಯಲ್ಲಿರುವ ಮೊಂಡು ಕತ್ತಿ ಒಂದನ್ನು ಕಾಗದದಲ್ಲಿ ಸುತ್ತಿ ತನ್ನಿ. ಬರುವ ಮೊದಲು ಮನೆಯಲ್ಲಿ ಹೇಳಿ ಬನ್ನಿ. ಬೆಣಚುಕಲ್ಲು ಗುದ್ದುವ ಕೆಲಸ ಮೊದಲು ಬಂದವರದ್ದು.