ಕಡಲಹಂದಿಯೂ ಕುದುರೆ-ತಿಮಿಂಗಿಲವೂ

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷ್ ಬೆಸ್ತರು ಕಡಲಪ್ರಾಣಿಗಳಿಗೆ ಹೆಸರಿಡಲು ಹೆಚ್ಚು ತಡಕಾಡಿದವರಲ್ಲ. ಮನೆಯ ಕೊಟ್ಟಿಗೆಯತ್ತ ಒಮ್ಮೆ ನೋಡಿದರೆ ಸಾಕಾಗುತ್ತಿತ್ತು. ಕೊಬ್ಬಿದ ದುಂಡುಮೈಯ ಪ್ರಾಣಿಯೊಂದು ನೀರಿನಿಂದ ಮೇಲೆದ್ದು ಬುಸುಗುಟ್ಟಿತೋ, ಅದು 'ಮೆರೆಸ್ವೀನ್', ಅಂದರೆ ಕಡಲಹಂದಿ. ಇಂದಿನ ಇಂಗ್ಲಿಷರು ಅದನ್ನು 'ಪೋರ್ಪಸ್' ಎನ್ನುತ್ತಾರೆ. ಹಳೆಯ ಪದ ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಬಹುಕಾಲ ಉಳಿದರೂ ಇಂಗ್ಲೆಂಡಿನಲ್ಲಿ ಅಳಿಯಿತು.

ಅಳಿದದ್ದೇಕೆ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚ್ ಆಯಿತು. ಮೇಯಿಸುವವನ ಬಾಯಲ್ಲಿ 'ಸ್ವೈನ್' ಆಗಿದ್ದ ಹಂದಿ ಒಡೆಯನ ತಟ್ಟೆಯಲ್ಲಿ 'ಪೋರ್ಕ್' ಆದ ಕಥೆ ಹಲವರಿಗೆ ಗೊತ್ತು. ಕಡಲಹಂದಿಯ ಪಾಡೂ ಅದೇ. ಅದನ್ನು ಅಂದು ಮೀನೆಂದೇ ಎಣಿಸುತ್ತಿದ್ದರು. ಮಾಂಸ ವರ್ಜ್ಯವಾದ ಕ್ರೈಸ್ತ ಉಪವಾಸದ ದಿನಗಳಲ್ಲೂ ತಿನ್ನಲು ಅಡ್ಡಿಯಿರಲಿಲ್ಲ. (ಉಪವಾಸಕ್ಕೆ ಉಪಾಯ ಹುಡುಕುವುದರಲ್ಲಿ ಎಲ್ಲ ದೇಶದವರೂ ಜಾಣರೇ!) 1390ರ ಸುಮಾರಿನಲ್ಲಿ ಎರಡನೆಯ ರಿಚರ್ಡ್ ದೊರೆಯ ಬಾಣಸಿಗರು ಸಿದ್ಧಪಡಿಸಿದ ಪಾಕಗ್ರಂಥದಲ್ಲಿ ಇದನ್ನು ಗೋಧಿಗಂಜಿಯೊಡನೆ ಬಡಿಸುವ ಕ್ರಮವಿದೆ. ಅಲ್ಲಿರುವುದು ಫ್ರೆಂಚಿನಿಂದ ಬಂದ ಹೆಸರೇ. ಅದರ ಮೂಲವೋ, ಲ್ಯಾಟಿನ್ನಿನ 'ಪೋರ್ಕಸ್' ಮತ್ತು 'ಪಿಸ್ಕಿಸ್', ಹಂದಿ ಮತ್ತು ಮೀನು. ಒಂದು ಹಂದಿ ಹೋಗಿ ಇನ್ನೊಂದು ಹಂದಿ ಬಂದಂತಾಯಿತು.

ಇನ್ನೂ ಸೋಜಿಗದ ಸಂಗತಿ, ಇಂದಿನ ಫ್ರೆಂಚರು ಇದೇ ಪ್ರಾಣಿಯನ್ನು 'ಮಾರ್ಸ್ವಾಂ' ಎನ್ನುತ್ತಾರೆ. ಅದು ಉತ್ತರದ ಜರ್ಮಾನಿಕ್ ಭಾಷೆಗಳಿಂದ ಎರವಲು ಪಡೆದ ಪದ, 'ಮೆರೆಸ್ವೀನ್'ನ ಒಡಹುಟ್ಟು!

ಉದ್ದ ಕೋರೆಹಲ್ಲುಗಳ ವಾಲ್ರಸ್‌ನ ಕಥೆ ಇನ್ನಷ್ಟು ಸುತ್ತುಬಳಸಿನದು. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಓಹ್ತೆರೆ ಎಂಬ ನಾರ್ವೆಯ ನಾವಿಕ ಇಂಗ್ಲೆಂಡಿನ ಆಲ್ಫ್ರೆಡ್ ದೊರೆಗೆ ಈ ಪ್ರಾಣಿಯ ಹಲ್ಲುಗಳನ್ನು ಕಾಣಿಕೆಯಾಗಿ ತಂದ. ಇದರ ತೊಗಲು ಹಡಗಿನ ಹಗ್ಗಕ್ಕೆ ಬಲು ಒಳ್ಳೆಯದೆಂದ. ಅವನ ಮಾತನ್ನು ಬರೆದಿಟ್ಟವರು ಬಳಸಿದ ಹೆಸರು 'ಹೋರ್ಸ್‌ಹ್ವೆಲ್', ಕುದುರೆ-ತಿಮಿಂಗಿಲ. ಆ ಹೆಸರೂ ಅಳಿಯಿತು. ಆಮೇಲೆ 'ಮೋರ್ಸ್' ಬಂತು. ಅದರ ಬೇರು ಸ್ಕ್ಯಾಂಡಿನೇವಿಯದ ತುತ್ತತುದಿಯ ಸಾಮಿ ಜನರ ನುಡಿಯಲ್ಲೋ ಫಿನ್ನಿಷ್‌ನಲ್ಲೋ ಇದೆ. ಹದಿನೇಳನೆಯ ಶತಮಾನದಲ್ಲಿ ಡಚ್ಚರಿಂದ 'ವಾಲ್ರಸ್' ಬಂದು ಅದನ್ನೂ ಮೂಲೆಗೆ ತಳ್ಳಿತು. ಹಳೆಯ ಕುದುರೆ-ತಿಮಿಂಗಿಲವೇ ತಿರುವುಮುರುವಾಗಿ ತಿಮಿಂಗಿಲ-ಕುದುರೆ ಆಗಿರಬಹುದೆಂದು ಕೆಲವು ವಿದ್ವಾಂಸರ ಊಹೆ.

ಊಹೆಯೆಂಬುದನ್ನು ಮರೆಯಬಾರದು. ಮುಂದೆ ಕಥೆಗಾರರಾಗಿ ಜಗತ್ಪ್ರಸಿದ್ಧರಾದ ಟೋಲ್ಕಿನ್ 1919ರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಸಹಾಯಕರಾಗಿದ್ದಾಗ 'ವಾಲ್ರಸ್'ನ ವ್ಯುತ್ಪತ್ತಿ ಅವರ ಪಾಲಿಗೆ ಬಂತು. ಅವರು ಅದನ್ನು ಒಮ್ಮೆ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು.