ಶಾಂತಿ ಸಂಧಾನದಲ್ಲಿ ಸೈನಿಕನ ಸಲಹೆ
(ಮಾಸ್ತಿಕಟ್ಟೆಯಲ್ಲಿ ಮಾಡಿದ ಭಾಷಣದ ಬರಹರೂಪ)



ತೋಟದ ಬೇಲಿಗಾಗಿ ಇಬ್ಬರು ಜಗಳಾಡಿದರೆ ನಾವು ಯಾರನ್ನು ಕರೆಯುತ್ತೇವೆ? ಎರಡೂ ಕಡೆಯ ಮಾತನ್ನು ಕೇಳಬಲ್ಲ, ಆ ಜಾಗವನ್ನು ಕಣ್ಣಾರೆ ಕಂಡಿರುವ ಹಿರಿಯರನ್ನು. ರಾಷ್ಟ್ರಗಳ ಸಂಧಾನಕ್ಕೂ ಅಂಥವರು ಬೇಕು. ರಾಜತಾಂತ್ರಿಕರು ಒಪ್ಪಂದದ ಪದಗಳನ್ನು ಹೆಣೆಯುತ್ತಾರೆ. ಆದರೆ ಕದನವಿರಾಮದ ರೇಖೆ ಎಲ್ಲಿ ಹಾದುಹೋಗಬೇಕು, ಅದನ್ನು ಕಾಯಲು ಎಷ್ಟು ಮಂದಿ ಬೇಕು, ಯಾವ ಭರವಸೆ ನೆಲದ ಮೇಲೆ ನಿಲ್ಲಲಾರದು ಎಂದು ಹೇಳಬೇಕಾದವನು ಸೈನಿಕ ಸಲಹೆಗಾರ.

ಈ ಹೊಣೆಯನ್ನು ಭಾರತೀಯರು ಹೊತ್ತಿದ್ದಾರೆ. 1960ರ ಕಾಂಗೋ ಬಿಕ್ಕಟ್ಟಿನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಹ್ಯಾಮರ್‌ಶೋಲ್ಡ್‌ರಿಗೆ ಸೈನಿಕ ಸಲಹೆಗಾರರಾದವರು ಇಂದ್ರಜಿತ್ ರಿಖ್ಯೆ. 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ವೇಳೆ ಯು ಥಾಂಟ್ ಅವರೊಂದಿಗೆ ಹವಾನಾಕ್ಕೆ ಹೋದವರೂ ಅವರೇ.

ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು ಸಲಹೆಗಾರರ ಸ್ಥಾನದಲ್ಲಿರಲಿಲ್ಲ. ಸ್ವತಃ ತೀರ್ಮಾನ ಕೈಗೊಳ್ಳುವ ಸ್ಥಾನದಲ್ಲಿದ್ದರು. 1953ರಲ್ಲಿ ಕೊರಿಯಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದಾಗ, ತವರಿಗೆ ಮರಳಲೊಪ್ಪದ ಸುಮಾರು 22,600 ಯುದ್ಧಕೈದಿಗಳು ಭಾರತೀಯ ಪಡೆಯ ಸುಪರ್ದಿಗೆ ಬಂದರು. ಬಲಪ್ರಯೋಗದಿಂದ ಯಾರ ಮನಸ್ಸನ್ನೂ ಬದಲಿಸಬಾರದೆಂಬ ನಿಲುವಿನಿಂದ ಅವರು ಕದಲಲಿಲ್ಲ. ಎರಡೂ ಬಣಗಳಿಂದ ಟೀಕೆ ಬಂದಿತು. ತರುವಾಯ ಗ್ರೀಕರು ಮತ್ತು ತುರ್ಕರು ಪರಸ್ಪರ ಕಾದಾಡುತ್ತಿದ್ದ ಸೈಪ್ರಸ್‌ನಲ್ಲಿ ಶಾಂತಿಪಡೆಯ ದಂಡನಾಯಕರಾಗಿ, 1965ರ ಡಿಸೆಂಬರ್ 18ರಂದು ಅಲ್ಲಿಯೇ ಕೊನೆಯುಸಿರೆಳೆದರು. ಆ ದ್ವೀಪವು ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ಆದರೆ ಸಲಹೆಯನ್ನು ಕೇಳಿಯೂ ಕಡೆಗಣಿಸಿದರೆ ಏನಾಗುತ್ತದೆ? 1993ರಲ್ಲಿ ಬೋಸ್ನಿಯಾದ ಸ್ರೆಬ್ರೆನಿಕಾ ಮುಂತಾದ ಪಟ್ಟಣಗಳನ್ನು ಭದ್ರತಾ ಮಂಡಳಿ 'ಸುರಕ್ಷಿತ ಪ್ರದೇಶ'ವೆಂದು ಸಾರಿತು. ಅವುಗಳ ರಕ್ಷಣೆಗೆ ಸುಮಾರು 34,000 ಹೆಚ್ಚುವರಿ ಸೈನಿಕರು ಬೇಕೆಂದು ಸೇನಾಧಿಕಾರಿಗಳು ಅಂದಾಜಿಸಿದರು. ಮಂಡಳಿ ಒಪ್ಪಿದ್ದು ಸುಮಾರು 7,600ಕ್ಕೆ. 1995ರ ಜುಲೈಯಲ್ಲಿ ಆ ಪಟ್ಟಣ ಸರ್ಬ್ ಪಡೆಗಳ ವಶವಾಯಿತು. ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಗಂಡಸರು ಮತ್ತು ಬಾಲಕರ ಹತ್ಯೆಯಾಯಿತು. ರಕ್ಷಣೆಯ ಮಾತನ್ನು ನಂಬಿ ಅಲ್ಲಿ ಆಶ್ರಯ ಪಡೆದಿದ್ದವರಿಗೆ ಆ ಮಾತೇ ಬಲೆಯಾಯಿತು.

ಅಧಿಕಾರದಲ್ಲಿರುವವರಿಗೆ ಹಿತವಾದುದನ್ನಷ್ಟೇ ಹೇಳುವವನು ಸಲಹೆಗಾರನಲ್ಲ. ಕಹಿ ಸತ್ಯವನ್ನು ಕೇಳಿಯೂ ಖರ್ಚಿನ ಲೆಕ್ಕ ಹಾಕುವವನು ಸಂಧಾನಕಾರನಲ್ಲ. ಶಾಂತಿಯ ನಿರ್ಣಯಗಳನ್ನು ಓದುವಾಗ ನಾವು ಒಂದು ಪ್ರಶ್ನೆಯನ್ನು ತಪ್ಪದೆ ಕೇಳೋಣ: ಈ ಮಾತನ್ನು ಉಳಿಸಿಕೊಳ್ಳಲು ಎಷ್ಟು ಮಂದಿಯನ್ನು ಕಳುಹಿಸಿದ್ದೀರಿ?